ಹಳೆಯ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ

ಎಂಟು ಹತ್ತು ವರ್ಷಗಳ ಹಿಂದೆ ಕೊಂಡ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಇಂದಿಗೂ ಓದು ಬರಹದ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತವೆ. ಪರದೆಗೆ ಊನವಿಲ್ಲ, ಕೀಲಿಮಣೆ ಸವೆದಿಲ್ಲ. ಆದರೆ ವಿದ್ಯುತ್ತಿನ ತಂತಿಯನ್ನು ಕಿತ್ತ ಹತ್ತು ನಿಮಿಷಕ್ಕೆಲ್ಲ ಯಂತ್ರ ಕಣ್ಣು ಮುಚ್ಚಿಬಿಡುತ್ತದೆ. ಅಣ್ಣ ಬಳಸಿದ ಯಂತ್ರವನ್ನು ತಂಗಿ ಕಾಲೇಜಿಗೆ ಕೊಂಡೊಯ್ಯುವ ಮನೆಗಳು ನಮ್ಮಲ್ಲಿ ಬಹಳ. ಬ್ಯಾಟರಿಯೊಂದನ್ನು ಬದಲಿಸಿದರೆ ಅದು ಇನ್ನೂ ಕೆಲವು ವರ್ಷ ನಡೆದೀತು. ಆದರೆ ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಪೇಟೆಗೆ ಹೋದವರ ಮುಂದೆ ಒಂದೇ ಯಂತ್ರಕ್ಕೆಂದು ನಾಲ್ಕಾರು ಬಗೆಯ ಬ್ಯಾಟರಿಗಳನ್ನು ಇಡುತ್ತಾರೆ. ಬೆಲೆಯಲ್ಲಿ ಅಜಗಜಾಂತರ, ಹೊರನೋಟಕ್ಕೆ ಎಲ್ಲವೂ ಒಂದೇ. ಯಾವುದನ್ನು ನಂಬುವುದು? ಬ್ಯಾಟರಿಗೆ ಮುಪ್ಪು ಹೇಗೆ ಬರುತ್ತದೆ ಎಂಬುದನ್ನು ತಿಳಿದರೆ ಈ ಪ್ರಶ್ನೆಯ ಅರ್ಧ ಉತ್ತರ ದೊರೆತಂತೆಯೇ ಸರಿ.

ಮುಪ್ಪಿನ ಮೂಲ

ಲ್ಯಾಪ್‌ಟಾಪಿನಲ್ಲಿರುವುದು ಲಿಥಿಯಂ-ಅಯಾನು ವಿದ್ಯುತ್ಕೋಶಗಳು. 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಇವನ್ನು ಮೊದಲು ಮಾರುಕಟ್ಟೆಗೆ ತಂದಿತು. ಇವುಗಳ ಬೆಳವಣಿಗೆಗಾಗಿ ದುಡಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಕೋಶಕ್ಕೆ ವಿದ್ಯುತ್ತನ್ನು ತುಂಬುವಾಗ ಲಿಥಿಯಂ ಅಯಾನುಗಳು ಧನ ವಿದ್ಯುದ್ವಾರವನ್ನು ಬಿಟ್ಟು, ನಡುವಣ ದ್ರವವನ್ನು ದಾಟಿ, ಋಣ ವಿದ್ಯುದ್ವಾರವಾದ ಗ್ರಾಫೈಟಿನ ಪದರಗಳ ನಡುವೆ ನೆಲೆಸುತ್ತವೆ. ಬಳಸುವಾಗ ಬಂದ ದಾರಿಯಲ್ಲೇ ಹಿಂದಿರುಗುತ್ತವೆ.

ಹೋಗಿ ಬರುವ ಈ ಪಯಣದಲ್ಲಿ ಎಲ್ಲ ಅಯಾನುಗಳೂ ಮರಳಿ ಬರುವುದಿಲ್ಲ. ಗ್ರಾಫೈಟಿನ ಮೈಮೇಲೆ ದ್ರವವು ವಿಭಜನೆ ಹೊಂದಿ ತೆಳುವಾದ ಪೊರೆಯೊಂದು ಕಟ್ಟುತ್ತದೆ. ಈ ಪೊರೆ ಇರಲೇಬೇಕು. ಇದಿಲ್ಲದಿದ್ದರೆ ಕೋಶ ಬಾಳುವುದೇ ಇಲ್ಲ. ಆದರೆ ಅದು ನಿಧಾನವಾಗಿ ದಪ್ಪವಾಗುತ್ತ ಹೋಗಿ ಲಿಥಿಯಮ್ಮಿನ ಅಂಶವನ್ನು ತನ್ನೊಳಗೆ ಸೆರೆಹಿಡಿಯುತ್ತದೆ. ಅಷ್ಟರಮಟ್ಟಿಗೆ ಧಾರಣಶಕ್ತಿ ಕುಗ್ಗುತ್ತದೆ, ಆಂತರಿಕ ರೋಧ ಹೆಚ್ಚುತ್ತದೆ. ಕೋಶ ಪೂರ್ತಿ ತುಂಬಿದ್ದರೆ ಈ ಕ್ರಿಯೆ ಚುರುಕಾಗುತ್ತದೆ. ಬಿಸಿಲಿನ ತಾಪವಿದ್ದರೆ ಇನ್ನಷ್ಟು ಚುರುಕು.

ವಾಚಕರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇಲ್ಲಿದೆ: ಬಳಸದೆ ಇಟ್ಟರೂ ಈ ಕ್ರಿಯೆ ನಿಲ್ಲುವುದಿಲ್ಲ. ಗಡಿಯಾರದ ಹಲ್ಲುಚಕ್ರವನ್ನು ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿಟ್ಟು ತೆಗೆದರೂ ಅದು ಹೊಸದೇ. ಬ್ಯಾಟರಿಯಾದರೋ ತಯಾರಾದ ದಿನದಿಂದಲೇ ಮುಪ್ಪಿನತ್ತ ಸಾಗುತ್ತದೆ. ಅಷ್ಟೇ ಅಲ್ಲ, ಬಹುಕಾಲ ಇಟ್ಟ ಕೋಶ ತಾನಾಗಿಯೇ ಬರಿದಾಗುತ್ತ ವಿಭವಾಂತರ ತೀರ ಇಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಕೋಶವನ್ನು ಮತ್ತೆ ತುಂಬುವುದು ಅಪಾಯಕರ. ಆದಕಾರಣ ಹತ್ತು ವರ್ಷದ ಹಿಂದೆ ತಯಾರಾಗಿ ಗೋದಾಮಿನಲ್ಲಿ ಉಳಿದ ‘ಅಸಲಿ’ ಬ್ಯಾಟರಿ, ಮೊಹರು ಒಡೆಯದಿದ್ದರೂ ಹೊಸದಲ್ಲ. ಹಳೆಯ ಯಂತ್ರಕ್ಕೆ ಕೊಳ್ಳುವಾಗ ಮೊದಲು ಕೇಳಬೇಕಾದುದು ಯಾರು ಮಾಡಿದರು ಎಂದಲ್ಲ, ಯಾವಾಗ ಮಾಡಿದರು ಎಂದು.

ಪೆಟ್ಟಿಗೆಯೊಳಗಿನ ಲೆಕ್ಕ

ಹಳೆಯ ಲ್ಯಾಪ್‌ಟಾಪುಗಳ ಕಳಚಬಹುದಾದ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ‘18650’ ಎಂಬ ಕೋಶಗಳಿರುತ್ತವೆ. ವ್ಯಾಸ 18 ಮಿಲಿಮೀಟರು, ಉದ್ದ 65 ಮಿಲಿಮೀಟರು ಎಂಬುದೇ ಈ ಹೆಸರಿನ ಅರ್ಥ. ಕೊನೆಯ ಸೊನ್ನೆ ಕೊಳವೆಯಾಕಾರವನ್ನು ಸೂಚಿಸುತ್ತದೆ. ಒಂದು ಕೋಶದ ವಿಭವಾಂತರ ಸುಮಾರು 3.6 ವೋಲ್ಟು. ಮೂರನ್ನು ಸರಣಿಯಲ್ಲಿ ಜೋಡಿಸಿದರೆ 10.8 ವೋಲ್ಟು, ಅಂಥ ಎರಡು ಸಾಲುಗಳನ್ನು ಸಮಾಂತರವಾಗಿ ಸೇರಿಸಿದರೆ ಆರು ಕೋಶಗಳ ಬ್ಯಾಟರಿ. ಕೋಶಕ್ಕೆ 2,200 ಮಿಲಿ ಆಂಪೇರ್-ಗಂಟೆಯಾದರೆ ಒಟ್ಟು 4,400. ಇದನ್ನು 10.8 ವೋಲ್ಟಿನಿಂದ ಗುಣಿಸಿದರೆ 47.5 ವಾಟ್-ಗಂಟೆ. ಬ್ಯಾಟರಿಗಳನ್ನು ಹೋಲಿಸಲು ಈ ವಾಟ್-ಗಂಟೆಯೇ ಸರಿಯಾದ ಅಳತೆ.

ಈ ಗಾತ್ರದ ಅತ್ಯುತ್ತಮ ಕೋಶಗಳಲ್ಲೂ ಧಾರಣಶಕ್ತಿ ಸುಮಾರು 3,500 ಮಿಲಿ ಆಂಪೇರ್-ಗಂಟೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೀಗಿರುವಾಗ ಆರು ಕೋಶಗಳ ಇಂಥ ಬ್ಯಾಟರಿಯ ಮೇಲೆ 10,000 ಎಂದು ಅಚ್ಚಾಗಿದ್ದರೆ ಅದು ಸುಳ್ಳೆಂದು ಪೆಟ್ಟಿಗೆ ತೆರೆಯದೆಯೇ ಹೇಳಬಹುದು. ತಕ್ಕಡಿಯೂ ಒಂದು ಸಾಕ್ಷಿ. ಇಂಥ ಒಂದು ಕೋಶ ಸುಮಾರು 45 ಗ್ರಾಂ ತೂಗುತ್ತದೆ. ಆರು ಕೋಶಗಳೇ 270 ಗ್ರಾಂ ಆದುವು. ಕವಚವೂ ಸೇರಿ ಬ್ಯಾಟರಿಯ ತೂಕ ಇದಕ್ಕಿಂತ ಬಹಳ ಕಡಿಮೆಯಾದರೆ ಒಳಗಿನ ಸರಕನ್ನು ಸಂಶಯಿಸಬೇಕು.

ಕೋಶಗಳ ಜೊತೆಗೆ ಒಂದು ಪುಟ್ಟ ಮಂಡಲವೂ ಇರುತ್ತದೆ. ಅತಿಯಾಗಿ ತುಂಬುವುದನ್ನೂ ಅತಿಯಾಗಿ ಬರಿದಾಗುವುದನ್ನೂ ತಡೆಯುವುದು, ಉಳಿದ ಶಕ್ತಿಯನ್ನು ಲ್ಯಾಪ್‌ಟಾಪಿಗೆ ತಿಳಿಸುವುದು ಅದರ ಕೆಲಸ. ಕೆಲವು ಯಂತ್ರಗಳು ಈ ಮಂಡಲದ ಗುರುತನ್ನೂ ಪರೀಕ್ಷಿಸುತ್ತವೆ. 2012ರಲ್ಲಿ ಬಂದ ಲೆನೊವೊ ಥಿಂಕ್‌ಪ್ಯಾಡ್ ಟಿ430, ತಾನು ಒಪ್ಪದ ಬ್ಯಾಟರಿಗೆ ವಿದ್ಯುತ್ತನ್ನೇ ತುಂಬುವುದಿಲ್ಲ. ಆದ್ದರಿಂದ ಹೊರ ಆಕಾರ ಹೊಂದಿದರೆ ಸಾಲದು. ಹಳೆಯ ಬ್ಯಾಟರಿಯ ಮೇಲಿನ ಭಾಗಸಂಖ್ಯೆಯೇ ಹೊಂದಬೇಕು.

ಕೊಳ್ಳುವಾಗ, ಕೊಂಡ ಮೇಲೆ

ಭಾಗಸಂಖ್ಯೆಯ ಬಳಿಕ ವೋಲ್ಟನ್ನು ನೋಡಬೇಕು. 10.8 ಮತ್ತು 11.1 ಎಂಬುವು ಒಂದೇ ಬಗೆಯ ಜೋಡಣೆಗೆ ಇಟ್ಟ ಎರಡು ಹೆಸರುಗಳು, 14.4 ಎಂಬುದು ನಾಲ್ಕು ಕೋಶಗಳ ಸರಣಿಯಾದ್ದರಿಂದ ಬೇರೆಯೇ. ಅನಂತರ ತಯಾರಿಕೆಯ ದಿನಾಂಕ. ಒಂದು ವರ್ಷದೊಳಗಿನದಾದರೆ ಉತ್ತಮ. ಭಾರತದಲ್ಲಿ ಮಾರುವ ಇಂಥ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಐಎಸ್ 16046 ಎಂಬ ಮಾನಕದ ಸಂಖ್ಯೆಯೂ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯೂ ಮೈಮೇಲೆ ಇರಬೇಕು. ರಸೀದಿ ಕೊಡದ, ಮರಳಿ ಪಡೆಯಲೊಪ್ಪದ ಅಂಗಡಿಯಿಂದ ದೂರವಿರುವುದು ಲೇಸು.

ಕೊಂಡ ಮೇಲೆ ಪರೀಕ್ಷೆ. ವಿಂಡೋಸಿನಲ್ಲಿ ದೊರೆಯುವ ಬ್ಯಾಟರಿ ವರದಿಯು ವಿನ್ಯಾಸದ ಧಾರಣಶಕ್ತಿಯನ್ನೂ ಈಗ ತುಂಬುವ ಧಾರಣಶಕ್ತಿಯನ್ನೂ ತೋರಿಸುತ್ತದೆ. ಆದರೆ ಈ ಅಂಕಿಗಳನ್ನು ಹೇಳುವುದು ಬ್ಯಾಟರಿಯೊಳಗಿನ ಮಂಡಲವೇ. ಮೋಸಗಾರರು ಅದಕ್ಕೂ ಸುಳ್ಳು ಕಲಿಸಬಲ್ಲರು. ಗಡಿಯಾರಕ್ಕೆ ಕಲಿಸಲಾರರು. ಪೂರ್ತಿ ತುಂಬಿ, ಒಂದೇ ಬಗೆಯ ಕೆಲಸ ಕೊಟ್ಟು, ಎಷ್ಟು ಹೊತ್ತು ನಡೆಯುವುದೆಂದು ಗುರುತುಹಾಕಿಕೊಳ್ಳಿ. ಸರಾಸರಿ 12 ವಾಟ್ ಎಳೆಯುವ ಯಂತ್ರವು 47.5 ವಾಟ್-ಗಂಟೆಯಿಂದ ಹೆಚ್ಚುಕಡಿಮೆ ನಾಲ್ಕು ಗಂಟೆ ನಡೆಯಬೇಕು. ಎರಡೇ ಗಂಟೆಗೆ ನಿಂತರೆ ಅರ್ಧ ಸರಕಿಗೆ ಪೂರ್ತಿ ಹಣ ಕೊಟ್ಟಂತಾಯಿತು. ಮರಳಿಸುವ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆ ಮಾಡಬೇಕು.

ಹಳೆಯ ಕವಚದೊಳಗೆ ಹೊಸ ಕೋಶಗಳನ್ನು ಕೂಡಿಸಿಕೊಡುವವರೂ ಇದ್ದಾರೆ. ಕೋಶಗಳೆಲ್ಲ ಒಂದೇ ಬಗೆಯವಾಗಿ, ನಿಕ್ಕಲ್ ಪಟ್ಟಿಯಿಂದ ಬೆಸೆದಿದ್ದರೆ ಅದು ನಡೆಯುವುದುಂಟು. ಆದರೆ ಎಷ್ಟೋ ಬ್ಯಾಟರಿಗಳ ಮಂಡಲ, ಕೋಶಗಳನ್ನು ಕಿತ್ತೊಡನೆ ಶಾಶ್ವತವಾಗಿ ಬಾಗಿಲು ಮುಚ್ಚಿಬಿಡುತ್ತದೆ. ಮನೆಯಲ್ಲಿ ಇದನ್ನು ಪ್ರಯತ್ನಿಸಬಾರದು. 2006ರಲ್ಲಿ ಡೆಲ್ ಸಂಸ್ಥೆ ಸೋನಿ ಕೋಶಗಳಿದ್ದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಒಳಗೆ ಸೇರಿದ ಲೋಹದ ಸೂಕ್ಷ್ಮ ಕಣಗಳಿಂದ ಬೆಂಕಿಯ ಭಯವಿತ್ತು. ಕಾರ್ಖಾನೆಯಲ್ಲೇ ಹೀಗಾದರೆ ಅಡಿಗೆಮನೆಯ ಮೇಜಿನ ಮಾತೇನು! ಉಬ್ಬಿದ ಬ್ಯಾಟರಿಯನ್ನಂತೂ ಒಂದು ದಿನವೂ ಬಳಸಬಾರದು, ಚುಚ್ಚಬಾರದು, ಕಸದ ತೊಟ್ಟಿಗೆ ಎಸೆಯಬಾರದು. ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ತಯಾರಕರೇ ಬದಲಿ ಬ್ಯಾಟರಿಗಳನ್ನು ಹೊಸದಾಗಿ ಮಾಡಿ ಒದಗಿಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ನಿಯಮವು, ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ ಐದು ವರ್ಷ ಅದರ ಬ್ಯಾಟರಿ ದೊರೆಯಬೇಕೆಂದು ವಿಧಿಸಿದೆ. ಇದು ಅನ್ವಯವಾಗುವ ದಿನ 2027ರ ಫೆಬ್ರವರಿ 18. ನಮ್ಮಲ್ಲೂ ಇಂಥದೊಂದು ಕಟ್ಟಳೆ ಬರುವುದು ಒಳ್ಳೆಯದು. ಅಲ್ಲಿಯವರೆಗೆ ದಿನಾಂಕ, ತಕ್ಕಡಿ, ಗಡಿಯಾರ ಈ ಮೂರೇ ಕೊಳ್ಳುವವರ ಆಸರೆ. ಕೊಂಡ ಬ್ಯಾಟರಿಯನ್ನು ಬಿಸಿಲಿಗೊಡ್ಡದೆ, ಸದಾ ನೂರಕ್ಕೆ ನೂರು ತುಂಬಿಡದೆ ನೋಡಿಕೊಂಡರೆ ಅದರ ಮುಪ್ಪನ್ನು ಸಾಕಷ್ಟು ಮುಂದೂಡಬಹುದು.