ಗೋಡೆಗಳೇ ಮೊದಲ ಪ್ರದರ್ಶನ: ಹುಬ್ಬಳ್ಳಿ ರೈಲ್ವೆ ಮ್ಯೂಸಿಯಂ

ಗಬ್ಬೂರ ಬೈಪಾಸ್ ಬಿಟ್ಟು ಊರೊಳಗೆ ಬಂದು ಗದಗ ರಸ್ತೆ ಹಿಡಿದರೆ ರೈಲ್ವೆ ಮ್ಯೂಸಿಯಂ ಸಿಗುತ್ತದೆ. ತೆರೆದದ್ದು 2020ರ ಆಗಸ್ಟ್‌ನಲ್ಲಿ. ಆದರೆ ಅದರ ಜೀವಾಳವಾದ ಮಲಪ್ರಭಾ, ಘಟಪ್ರಭಾ ಎಂಬ ಎರಡು ಕಾಟೇಜುಗಳು 1907ರವು. ಅಂದರೆ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಾಲದವು; ಆ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಒಂದಾದದ್ದು ಅದರ ಮರುವರ್ಷ. ಹಾಗಾಗಿ ಒಳಗಿನ ಫಲಕ ಓದುವ ಮೊದಲು ಈ ಗೋಡೆಗಳನ್ನು ನೋಡಬೇಕು. ಇಲ್ಲಿನ ಮೊದಲ ಪ್ರದರ್ಶನ ಅವೇ.

ಇಕ್ಕಟ್ಟಾದ ಹಳೆ ಮನೆ ಕೆಡವಿ ದೊಡ್ಡ ಸಭಾಂಗಣ ಕಟ್ಟಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಜಾಗದ ಮಾತು ನಿಜ. ಅದಕ್ಕೆ ಉತ್ತರ ಅಂಗಳದಲ್ಲೇ ಇದೆ: ರೈಲಿನ ದೊಡ್ಡ ವಸ್ತುಗಳು ಬಯಲಿನಲ್ಲಿ ನಿಂತಿವೆ, ಒಂದು ಬೋಗಿಯೇ ಚಿತ್ರಮಂದಿರವಾಗಿದೆ, ಸಣ್ಣ ಸಾಮಾನಿಗೆ ಸಣ್ಣ ಕೋಣೆ ಸಾಕು. ಹೊಸದು ಸೇರಿದರೆ ಹಳೆಯದು ಕೆಡುತ್ತದೆ ಎಂಬ ಆತಂಕವೂ ಉಂಟು. ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಮಹಲು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾದಾಗ, ಪಕ್ಕದ ಹೊಸ ಕಟ್ಟಡ ಮಹಲಿನ ವೇಷ ಹಾಕಲಿಲ್ಲ. ಯಾವುದು ಯಾವ ಕಾಲದ್ದೆಂದು ಕಣ್ಣಿಗೇ ತಿಳಿಯುತ್ತದೆ, ಎರಡೂ ಚೆನ್ನಾಗಿವೆ. ಹುಬ್ಬಳ್ಳಿಯಲ್ಲೂ ಮುಂದೆ ಗ್ಯಾಲರಿ ಬೇಕಾದರೆ ಕಾಟೇಜಿನ ನಕಲು ಬೇಡ. ಈ ಕಾಲದ ಉಕ್ಕು, ಗಾಜಿನಲ್ಲೇ ಕಟ್ಟಲಿ, ಕಾಟೇಜಿನ ಸೂರಿಗಿಂತ ಮೇಲೇರದಿರಲಿ.