ಎಲೆಗಾಗಿ ಕಟ್ಟಿದ ಗೋಡೆ, ಮನುಷ್ಯರಿಗಾಗಿ ತೆರೆಯಲಿ

ನಿಪ್ಪಾಣಿಯ ತಂಬಾಕಿನ ವಖಾರಿಗಳನ್ನು ಕಟ್ಟಿದ್ದು ಎಲೆಯ ಅನುಕೂಲ ನೋಡಿ. ಬೀಡಿ ತಂಬಾಕಿಗೆ ಬಿಸಿಲು, ಗಾಳಿ ಹೆಚ್ಚಾದರೆ ಹಸಿ ಆರಿ ತೂಕ ಇಳಿಯುತ್ತದೆ. ಮಳೆನೀರು ತಾಗಿದರೆ ಬೂಸಲು ಹಿಡಿಯುತ್ತದೆ. ಎಲೆಯನ್ನು ಕಾಯ್ದ ಆ ಮುಚ್ಚಿದ ಗೋಡೆಗಳ ನಡುವೆ ಹೆಣ್ಣುಮಕ್ಕಳು ಘಾಟು ನುಂಗುತ್ತ ತಂಬಾಕು ಕುಟ್ಟಿದರು, ಜರಡಿ ಹಿಡಿದರು. ಅವರು ಸಂಘ ಕಟ್ಟಿ ಹೋರಾಡಿದ್ದನ್ನು ದೀಪಾ ಧನರಾಜ್ ಮತ್ತು ಗೆಳೆಯರ ‘ಯುಗಾಂತರ’ ತಂಡ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿತು.

ನಾನು ಹಾರೂಗೇರಿಯಲ್ಲಿ ಕಟ್ಟಡದ ಕೆಲಸ ಮಾಡುವವನು. ‘ಹಳೇ ವಖಾರಿ ಐತ್ರಿ, ಕೆಡವೂದ ಚಲೋ ಏನು?’ ಎಂದು ಯಾರೇ ಕೇಳಲಿ, ‘ಮೊದಲ ತೊಲಿ ನೋಡೂಣ್ರಿ’ ಎನ್ನುತ್ತೇನೆ. ತೊಲೆ ಗೋಡೆಯೊಳಗೆ ಕೂತ ತುದಿಯೇ ಮೊದಲು ಕೊಳೆಯುವುದು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಮೊನೆ ಸಲೀಸಾಗಿ ಒಳಗಿಳಿದರೆ ಆ ತುದಿ ಹೋಯಿತು. ಕಟ್ಟಿಗೆ ತಡೆದು ನಿಂತರೆ ಇನ್ನೂ ಜೀವವಿದೆ. ಹಾಳಾದಷ್ಟನ್ನೇ ಕತ್ತರಿಸಿ ಹೊಸ ತುಂಡು ಜೋಡಿಸಬಹುದು, ಇಡೀ ಮಾಳಿಗೆ ಬಿಚ್ಚಬೇಕಿಲ್ಲ.

ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಯಲೇಬಾರದು. ನೆಲದಿಂದ ಏರಿದ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಆಮೇಲೆ ಬಿಳಿ ಉಪ್ಪು ಎದ್ದು ಕಲ್ಲಿನ ಮೈ ಉದುರುತ್ತದೆ. ವಖಾರಿಯನ್ನು ಕಚೇರಿ ಮಾಡುವಾಗ ನಡುವೆ ಅಟ್ಟ ಬೇಕೆಂದರೆ ಅದರ ಭಾರ ಹಳೆಯ ಗೋಡೆಯ ಮೇಲೆ ಬೀಳದಂತೆ ಉಕ್ಕಿನ ಕಂಬ ಬೇರೆಯಾಗಿ ನಿಲ್ಲಿಸಬೇಕು. ತಂಬಾಕಿನ ಧೂಳಿನಲ್ಲಿ ನಿಕೋಟಿನ್ ಇರುತ್ತದೆ, ಆದ್ದರಿಂದ ಒಣ ಕಸಬರಿಗೆ ಆಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇಷ್ಟಾದ ಮೇಲೆ ಛಾವಣಿಯ ಉತ್ತರದ ಇಳಿಜಾರಿನಲ್ಲಿ ಗಾಜು ಕೂರಿಸಿದರೆ ಬಿಸಿಲಿನ ಝಳ ಹೆಚ್ಚು ತಾಗದೆ ಬೆಳಕು ಮೇಜಿಗೆ ಬರುತ್ತದೆ.

ತಂಬಾಕಿನ ಕಟ್ಟಡವನ್ನು ಹೀಗೆ ಕಚೇರಿ ಮಾಡುವುದು ಬೇರೆಡೆ ಆಗಿಹೋದ ಕೆಲಸ. ಅಮೆರಿಕದ ಡರ್ಹ್ಯಾಮ್‌ನಲ್ಲಿ ‘ಲಕಿ ಸ್ಟ್ರೈಕ್’ ಸಿಗರೇಟಿನ ಕಾರ್ಖಾನೆ 1987ರಲ್ಲಿ ಮುಚ್ಚಿತು. ಅದರ ಕಟ್ಟಡಗಳು 2004ರಿಂದ ಕಚೇರಿಗಳಾದವು. ಚಿಮಣಿ, ನೀರಿನ ಟ್ಯಾಂಕ್ ಹಾಗೇ ಉಳಿದವು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಕಾಫಿ, ಚಹಾ, ತಂಬಾಕು ಸಿದ್ಧಪಡಿಸುತ್ತಿದ್ದ ವಾನ್ ನೆಲ್ಲೆ ಕಾರ್ಖಾನೆಯೂ ಈಗ ಕಚೇರಿ. ಅದು 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಆದರೆ ಅಂದದ ಜೊತೆಗೆ ಜೀವವೂ ಉಳಿಯಬೇಕು. ಮುಂಬೈನ ಕಮಲಾ ಮಿಲ್ ಆವರಣದಲ್ಲಿ ಕಚೇರಿ, ಹೋಟೆಲುಗಳು ಬಂದ ಮೇಲೆ, 2017ರ ಡಿಸೆಂಬರ್ 29ರಂದು ಬೆಂಕಿಯಲ್ಲಿ 14 ಜನ ಸತ್ತರು. ವಖಾರಿಯ ಬಾಗಿಲು ಮಾಲು ಕಾಯುವುದಕ್ಕೆ ಇಟ್ಟದ್ದು. ಕಚೇರಿಗೆ ಎದುರುಬದುರು ಎರಡು ದಾರಿ ಇರಲೇಬೇಕು, ಎರಡೂ ಹೊರಮುಖವಾಗಿ ತೆರೆಯಬೇಕು, ದುಡಿಯುವ ಹೊತ್ತಿನಲ್ಲಿ ಯಾವುದಕ್ಕೂ ಬೀಗ ಬೀಳಬಾರದು.

ರಾಯಬಾಗ, ಚಿಕ್ಕೋಡಿ, ಅಥಣಿಯ ಮಕ್ಕಳು ಕಂಪ್ಯೂಟರ್ ಕಲಿತು ಪುಣೆ, ಬೆಂಗಳೂರಿನ ಬಸ್ ಹತ್ತುತ್ತಿದ್ದಾರೆ. ಖಾಲಿ ಬಿದ್ದ ವಖಾರಿಯಲ್ಲಿ ಅವರಿಗೆ ಇಲ್ಲೇ ಕುರ್ಚಿ ಹಾಕಬಹುದು. ಜೆಸಿಬಿಯವನಿಗೆ ಮುಂಗಡ ಕೊಡುವ ಮೊದಲು ಮಾಲೀಕರು ಒಬ್ಬ ಎಂಜಿನಿಯರನ್ನು ಕರೆಸಿ ಕಟ್ಟಡ ಅಳೆಸಲಿ, ದುರಸ್ತಿಗೆಷ್ಟು, ಹೊಸದಕ್ಕೆಷ್ಟು ಎಂಬ ಲೆಕ್ಕ ಎರಡನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸಲಿ.