ಕಾಂಕ್ರೀಟಿನೊಳಗೆ ಮಿಡಿಯುವ ತಂತಿ

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪ್ಪಿ ನದಿಯ ಮೇಲಿದ್ದ ಹೆದ್ದಾರಿ ಸೇತುವೆಯೊಂದು 2007ರ ಆಗಸ್ಟ್ 1ರ ಸಂಜೆ ವಾಹನಗಳ ಸಮೇತ ಕುಸಿದುಬಿದ್ದಿತು. 13 ಜನರು ಅಸುನೀಗಿದರು. ಅದು ಉಕ್ಕಿನ ಸೇತುವೆ. ತೊಲೆಗಳನ್ನು ಒಂದಕ್ಕೊಂದು ಜೋಡಿಸುವ ಫಲಕಗಳೇ ತೀರ ತೆಳುವಾಗಿದ್ದವೆಂದು ತನಿಖೆಯಿಂದ ತಿಳಿದುಬಂದಿತು. ವರ್ಷಂಪ್ರತಿ ಪರೀಕ್ಷಕರು ನೋಡಿಹೋಗುತ್ತಿದ್ದ ಸೇತುವೆಯೇ ಅದು!

ಅದೇ ಸ್ಥಳದಲ್ಲಿ 2008ರ ಸೆಪ್ಟೆಂಬರಿನಲ್ಲಿ ಸಂಚಾರಕ್ಕೆ ತೆರೆದ ಕಾಂಕ್ರೀಟು ಸೇತುವೆಯಲ್ಲಿ 300ಕ್ಕೂ ಹೆಚ್ಚು ಸಂವೇದಕಗಳನ್ನು ಅಳವಡಿಸಿದ್ದಾರೆ. ಅವುಗಳಲ್ಲಿ ಒಂದು ಬಗೆಯನ್ನು ಕಾಂಕ್ರೀಟು ಸುರಿಯುವಾಗಲೇ ಒಳಗೆ ಹುದುಗಿಸುತ್ತಾರೆ. ಕೊಳವೆಯೊಂದರಲ್ಲಿ ಬಿಗಿದು ಕಟ್ಟಿದ ಉಕ್ಕಿನ ತಂತಿ ಅದು. ವಿದ್ಯುತ್ಕಾಂತದಿಂದ ಅದನ್ನು ಮೀಟಿದಾಗ ತಂತಿಯು ಕಂಪಿಸುತ್ತದೆ. ಕಾಂಕ್ರೀಟು ಹಿಗ್ಗಿದರೆ ತಂತಿ ಬಿಗಿದು ಶ್ರುತಿ ಏರುವುದು, ಕುಗ್ಗಿದರೆ ಇಳಿಯುವುದು. ತಂಬೂರಿಯ ತಂತಿ ಎಳೆದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಿಸಿಲಿಗೆ ಹಿಗ್ಗುವುದೂ ಚಳಿಗೆ ಕುಗ್ಗುವುದೂ ಕಾಂಕ್ರೀಟಿನ ಸಹಜಗುಣ. ಆದುದರಿಂದ ಪಕ್ಕದಲ್ಲಿಯೇ ಉಷ್ಣಮಾಪಕವಿರಲೇಬೇಕು. ಋತುಮಾನದ ಏರಿಳಿತವನ್ನು ಕಳೆದ ಬಳಿಕ ಉಳಿಯುವ ವ್ಯತ್ಯಾಸವೇ ರೋಗದ ಸುಳಿವು. ಒಳಗಿನ ಕಂಬಿಗೆ ತುಕ್ಕು ತಗಲುವುದನ್ನು ಅರಿಯಲು ಬೇರೆಯೇ ಸಂವೇದಕಗಳಿವೆ.

ಹಳೆಯ ಸೇತುವೆಗೂ ಇಂಥವು ಇದ್ದಿದ್ದರೆ ಆ ಜನರು ಉಳಿಯುತ್ತಿದ್ದರೇ? ಆ ತೆಳು ಫಲಕಗಳ ಮೇಲೆಯೇ ಇರಿಸಿದ್ದರೆ ಉಳಿಯುತ್ತಿದ್ದರೇನೋ. ಆದರೆ ಮೂಲ ಲೆಕ್ಕದ ದೋಷವೇ ನಲವತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲವಾದ ಕಾರಣ, ಅಲ್ಲಿ ಇರಿಸಬೇಕೆಂದು ಯಾರಿಗೆ ತಾನೇ ತೋಚುತ್ತಿತ್ತು?